ಸಿದ್ದಣ್ಣನ ಚಕ್ರ

ಸಿದ್ದಣ್ಣನಿಗೆ ಆ ಚಕ್ರವನ್ನು ಅಂಟಿಸಿದವನು ನಾನೇ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆ ಯಾರೋ ಬಂದು ನಿಮ್ಮ ಕಿವಿಯಲ್ಲಿ ಊದುವುದು ಬೇಡ. ಆಗ ನನಗೆ ಹತ್ತೊಂಬತ್ತು ವರ್ಷ. ಸೇಲಂ ಕಾಲೇಜಿನ ಲ್ಯಾಬಿನಲ್ಲಿ ಇಂಟರ್ನೆಟ್ ನೋಡಿದ್ದು ಎರಡೇ ಸಲ, ಅದರಲ್ಲೂ ಒಂದು ಸಲ ಬೇರೆಯವನ ಹೆಗಲ ಮೇಲಿಂದ ಇಣುಕಿ. ಅಷ್ಟು ವಿದ್ಯೆ ಇಟ್ಟುಕೊಂಡು ಮೆಟ್ಟೂರಿಗೆ ಬಂದು, ಕಣ್ಣು ಅರ್ಧ ಮುಚ್ಚಿ, ನಮ್ಮ ಪ್ರೊಫೆಸರರ ಮೂಗಿನ ದನಿಯನ್ನು ಹಾಗೆಹಾಗೇ ಎತ್ತಿ, "ತಿಳಿದವರು ಬಳಸೋದು ಇದನ್ನೇ" ಎಂದುಬಿಟ್ಟೆ. ನಾನು ಯಾರ ದನಿಯಲ್ಲಾದರೂ ಏನು ಬೇಕಾದರೂ ಹೇಳುವವನು, ನನ್ನ ಮಾತಿಗೆ ತೂಕವಿಲ್ಲ ಎಂಬುದು ಇಡೀ ಬೀದಿಗೆ ಗೊತ್ತಿತ್ತು. ಸಿದ್ದಣ್ಣ ನಂಬಿದ.

ನಂಬುವುದು ಅವನಿಗೆ ಹುಟ್ಟಿನಿಂದ ಬಂದ ಕಾಯಿಲೆ. ಸೇಲಂಗೆ ಹೋಗಬೇಕಾದಾಗ ಬಸ್ ಸ್ಟ್ಯಾಂಡಿನಲ್ಲಿ ಅವನನ್ನು ನೋಡಬೇಕಿತ್ತು. ಖಾಲಿ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತಿದ್ದವು. ಕಂಡಕ್ಟರುಗಳು ಬಾಗಿಲಿಗೆ ಜೋತುಬಿದ್ದು "ಸೇಲಂ ಸೇಲಂ" ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಇವನು ಮಾತ್ರ ಬಿಳಿ ಅಂಗಿಯ ತೋಳು ಮಡಚಿ, ಕಂಬಕ್ಕೆ ಇನ್ನೊಂದು ಕಂಬದಂತೆ ಒರಗಿ, ತನ್ನ ಬಸ್ಸಿಗಾಗಿ ಕಾಯುತ್ತಿದ್ದ. ಆ ಬಸ್ಸಿನ ಡ್ರೈವರ್ ಒಮ್ಮೆ, ಮಗಳು ಮಂಜುಳಾ ಕೂಸಾಗಿದ್ದಾಗ ಅವಳಿಗೆ ವಾಂತಿಯಾಯಿತೆಂದು, ಗೊಣಗದೆ ಗಾಡಿ ನಿಲ್ಲಿಸಿ ನೀರು ಕೊಟ್ಟಿದ್ದನಂತೆ. ಡ್ರೈವರ್ ಎಂದೋ ರಿಟೈರಾಗಿ ಊರು ಸೇರಿದ್ದ. ಸಿದ್ದಣ್ಣ ಬಸ್ಸು ಬಿಟ್ಟಿರಲಿಲ್ಲ.

ಕೆಮಿಕಲ್ ಫ್ಯಾಕ್ಟರಿಯಲ್ಲಿ ಅವನದು ವಾಲ್ವ್ ತಿರುಗಿಸುವ ಕೆಲಸ. ತಟ್ಟೆಯಗಲದ ಕಬ್ಬಿಣದ ಚಕ್ರಗಳನ್ನು ಎರಡು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ, ಮನೆಯ ಕೊಳಾಯಿಯನ್ನೂ ಎರಡು ಕೈಯಲ್ಲೇ ಮುಚ್ಚುತ್ತಿದ್ದ. ಮುಚ್ಚಿದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದ. ಫ್ಯಾಕ್ಟರಿಯ ಗಾಳಿ ಅವನ ಎದೆಯಲ್ಲಿ ಮನೆ ಮಾಡಿತು. ಮೆಟ್ಟಿಲು ಹತ್ತಿದರೆ ಮೂರನೆಯದರಲ್ಲಿ ನಿಂತು ಏದುಸಿರು ಬಿಡುವ ಹಾಗಾದಾಗ ಕೆಲಸ ಬಿಟ್ಟು, ಬಂದ ಹಣವನ್ನೆಲ್ಲ ಹಾಕಿ, ಬಜಾರಿನಲ್ಲಿ ಬ್ರೌಸಿಂಗ್ ಸೆಂಟರ್ ತೆರೆದ. ಎರಡು ಕಂಪ್ಯೂಟರ್, ಒಂದು ಫೋನ್ ಲೈನು, ಒಂದು ಹೂವಿನ ಕರ್ಟನ್. ಗದ್ದೆ ಅಣ್ಣತಮ್ಮಂದಿರ ಪಾಲಾಗಿತ್ತು. ಇದ್ದಿದ್ದರೂ ಉಳುವ ಉಸಿರು ಅವನಲ್ಲಿರಲಿಲ್ಲ. ಕುರ್ಚಿಯಲ್ಲಿ ಕೂತು ಮಾಡುವ ಈ ಅಂಗಡಿ ನಡೆದರೆ ಉಂಟು, ಇಲ್ಲದಿದ್ದರೆ ಅವನಿಗೆ ಬೇರೆ ದಾರಿಯಿಲ್ಲ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೇ ನಾನು ಆ ಮೂಗಿನ ದನಿ ತೆಗೆದದ್ದು.

ಇಂಟರ್ನೆಟ್ ನೋಡಲು ಕಂಪ್ಯೂಟರಿನಲ್ಲಿ ಕಿಟಕಿಯಂಥದ್ದೊಂದು ಬೇಕಲ್ಲ, ಬ್ರೌಸರ್, ಅದು ಆಗ ನಮ್ಮ ಕಡೆ ಎರಡು ಬಗೆಯಲ್ಲಿ ಸಿಗುತ್ತಿತ್ತು. ಹೆಸರು ಹಿಡಿದು ಕರೆದವರು ಕಡಿಮೆ. ಚಿತ್ರ ನೋಡಿ ಕರೆಯುತ್ತಿದ್ದರು. ಒಂದು ನೀಲಿ ಅಕ್ಷರ. ಅದು ಕಂಪ್ಯೂಟರಿನ ಜೊತೆಯಲ್ಲೇ ಬಂದು ಒಳಗೆ ಕೂತಿರುತ್ತಿತ್ತು. ಇನ್ನೊಂದು ಹಡಗಿನ ಚಕ್ರ. ಅದನ್ನು ನಾನು ಸೇಲಂನಿಂದ ಸೀಡಿಯಲ್ಲಿ ತಂದು ಹಾಕಿಕೊಟ್ಟೆ. ನಾನು ಅದನ್ನು ಆರಿಸಿದ ಕಾರಣ ಕೇಳಿದರೆ ನಗುತ್ತೀರಿ: ಪುಟ ತೆರೆಯುವಷ್ಟು ಹೊತ್ತೂ ಅದರ ಮೂಲೆಯಲ್ಲಿ ಪುಟ್ಟ ಆಕಾಶವೊಂದರಿಂದ ನಕ್ಷತ್ರಗಳು ಉದುರುತ್ತಿದ್ದವು. ಸಿದ್ದಣ್ಣ ಒಪ್ಪಿದ್ದಕ್ಕೆ ಕಾರಣ ಬೇರೆ. ಪರದೆಯ ಮೇಲೆ ಆ ಚಕ್ರ ಕಂಡದ್ದೇ ತಡ, ಕುರ್ಚಿಯನ್ನು ಮುಂದಕ್ಕೆಳೆದು, ಮೂಗು ಗಾಜಿಗೆ ತಾಗುವಷ್ಟು ಬಗ್ಗಿ ನೋಡಿದ.

"ನಮ್ ವಾಲ್ವ್ ಕಣ್ಲಾ ಇದು" ಎಂದ.

ಹಡಗಿನದು ಅಣ್ಣಾ, ಎಂದೆ. ಹಡಗು ಅವನು ಕಂಡಿರಲಿಲ್ಲ, ನಾನೂ ಕಂಡಿರಲಿಲ್ಲ. ಅಣೆಕಟ್ಟೆಯ ಹಿನ್ನೀರಿನಲ್ಲಿ ಕಂಡಿದ್ದು ಹರಿಗೋಲು, ಅದಕ್ಕೆ ಚಕ್ರವಿಲ್ಲ. ವಾದ ಅಲ್ಲಿಗೆ ನಿಂತಿತು.

ಮೊದಮೊದಲು ಅಂಗಡಿ ತುಂಬಿರುತ್ತಿತ್ತು. ಮೋಡೆಮ್ ಡಯಲ್ ಮಾಡುವಾಗ ಕಿರಿಚುವ ದನಿಯನ್ನು ನಾನು ಕಲಿತುಬಿಟ್ಟಿದ್ದೆ. ಲೈನ್ ಸಿಗದ ದಿನ ಬಾಗಿಲ ಮರೆಯಲ್ಲಿ ನಿಂತು ಆ ದನಿ ತೆಗೆದರೆ, ಸಿದ್ದಣ್ಣ "ಬಂತು ಬಂತು" ಎಂದು ಓಡಿ ಬಂದು ಕೂರುತ್ತಿದ್ದ. ಗಿರಾಕಿಗಳು ನಗುತ್ತಿದ್ದರು, ಅವನೂ ನಗುತ್ತಿದ್ದ, ನಗು ಕೆಮ್ಮಾಗುತ್ತಿತ್ತು. ನನ್ನನ್ನು ರೇಡಿಯೋ ಎಂದೇ ಕರೆಯುತ್ತಿದ್ದ. ಅವನ ನಡಿಗೆ, ಅವನು ಮೌಸ್ ಹಿಡಿಯುವ ರೀತಿ, ಎಲ್ಲವನ್ನೂ ಅವನ ಮುಂದೆಯೇ ಮಾಡಿ ತೋರಿಸುತ್ತಿದ್ದೆ. ಒಮ್ಮೆ ಕೆಮ್ಮನ್ನೂ ಮಾಡಿದೆ. ಮಂಜುಳಾ ತಲೆಯೆತ್ತಿ ನೋಡಿದಳು. ಅದೊಂದನ್ನು ಮತ್ತೆ ಮಾಡಲಿಲ್ಲ.

ಆಮೇಲೆ ಎದುರಿಗೆ ಸೆಂಥಿಲ್ ಎಂಬವನು ಇನ್ನೊಂದು ಸೆಂಟರ್ ತೆರೆದ. ಅಲ್ಲಿ ಎಲ್ಲ ಕಂಪ್ಯೂಟರಿನಲ್ಲೂ ನೀಲಿ ಅಕ್ಷರ. ಜನ ಒಬ್ಬೊಬ್ಬರಾಗಿ ರಸ್ತೆ ದಾಟಿದರು. ಅಲ್ಲಿ ಮುಟ್ಟಿದ ಕೂಡಲೇ ತೆರೆಯುತ್ತದಂತೆ. ತಮಿಳು ಪತ್ರಿಕೆಯ ಅಕ್ಷರ ಅಲ್ಲಿ ಅಕ್ಷರವಾಗಿಯೇ ಬರುತ್ತದಂತೆ, ಇಲ್ಲಿ ಹುಳ ಹರಿದಂತೆ ಬರುತ್ತಿತ್ತು. ಕೆಲವು ಪುಟಗಳು ನೀಲಿ ಅಕ್ಷರದಲ್ಲಿ ನೋಡಿದರೆ ಮಾತ್ರ ಚೆನ್ನ ಎಂದು ತಾವೇ ಬರೆದುಕೊಂಡು ಕೂತಿದ್ದವು. ಸ್ನೇಹಿತ ಹೋದನೆಂದು ಹೋದವರೂ ಇದ್ದರು. ನಾನೂ ದಾಟಿದೆ. ದೊಡ್ಡ ತಾಂತ್ರಿಕ ಕಾರಣವೇನೋ ಇರಬೇಕು ಅಂದುಕೊಳ್ಳಬೇಡಿ. ಅಲ್ಲಿ ಫ್ಯಾನ್ ಇತ್ತು.

ದಾಟಿ ಬಂದ ಮೇಲೆ ನನಗೆ ಜ್ಞಾನೋದಯವಾಗಿ ಸಿದ್ದಣ್ಣನಿಗೆ ಉಪದೇಶಕ್ಕೆ ನಿಂತೆ. ನೀಲಿ ಅಕ್ಷರ ನಿನ್ನ ಕಂಪ್ಯೂಟರಿನಲ್ಲೂ ಇದೆಯಲ್ಲ ಅಣ್ಣಾ, ಮೂಲೆಗೆ ತಳ್ಳಿದ್ದೀಯ, ಅದನ್ನು ಒತ್ತಿದರೆ ಸಾಕು, ಮುಗಿಯಿತು, ಎಂದೆ. ಅವನು ಎಲೆಯಡಿಕೆ ಬಾಯಿಂದ ನಿಧಾನವಾಗಿ ಹೇಳಿದ: "ನಾ ಕರೀದೆ ಬಂದು ಪಂತೀಲಿ ಕೂತವ್ನೆ. ಎಬ್ಬ್ಸಾಕೆ ವೋದ್ರೆ ಏಳಲ್ಲ. ಅವನ್ಗೆ ಬಡಿಸು ಅಂತೀಯಲ್ಲ." ನೀಲಿ ಅಕ್ಷರವನ್ನು ಕಂಪ್ಯೂಟರಿನಿಂದ ತೆಗೆದುಹಾಕಲು ಅವನು ನಿಜವಾಗಿಯೂ ಒಂದು ಮಧ್ಯಾಹ್ನವಿಡೀ ಒದ್ದಾಡಿದ್ದ. ಅದು ಹೋಗುವ ಜಾತಿಯಲ್ಲ.

ಉಪದೇಶ ಫಲಿಸದಿದ್ದಾಗ ಕಪಟಕ್ಕೆ ಇಳಿದೆ. ಅವನು ಊಟಕ್ಕೆ ಹೋದ ಹೊತ್ತಿನಲ್ಲಿ ನೀಲಿ ಅಕ್ಷರದ ಚಿತ್ರ ತೆಗೆದು, ಅದರ ಜಾಗದಲ್ಲಿ ಚಕ್ರದ ಚಿತ್ರ ಹಾಕಿ, ಹೆಸರನ್ನೂ ಬದಲಿಸಿ, ನಿಜವಾದ ಚಕ್ರವನ್ನು ಅಡಗಿಸಿಟ್ಟೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ: ಮಿಮಿಕ್ರಿ ಮಾಡುವವನು ಬ್ರೌಸರಿಗೂ ವೇಷ ಹಾಕಿಸಿದ. ಸಿದ್ದಣ್ಣ ಬಂದ, ಕೂತ, ಒತ್ತಿದ. ಪುಟ ಪಟ್ಟನೆ ತೆರೆಯಿತು. ಅವನು ಮೂಲೆಯನ್ನೇ ನೋಡುತ್ತ ಕೂತ. ನಕ್ಷತ್ರ ಬೀಳಲಿಲ್ಲ.

"ಲೇ ರೇಡಿಯೋ" ಎಂದ, ತಿರುಗಿಯೂ ನೋಡದೆ. "ಬಾಗ್ಲು ಮ್ಯಾಲೆ ನನ್ನ ಎಸ್ರೇ ಬರ್ದಿದ್ದೀಯ. ಒಳಗ್ ಯಾರ್ನ ಕೂರ್ಸಿದೀಯಾ?"

ಮರಳಿ ಹಾಗೇ ಮಾಡಿಕೊಡುವವರೆಗೆ ಎದ್ದು ಹೋಗಲು ಬಿಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಂಜುಳಾ ಪ್ಲಸ್ ಟು ಬರೆದ ವರ್ಷ, ಫಲಿತಾಂಶ ಶಾಲೆಯ ಗೋಡೆಗೆ ಬರುವ ಮೊದಲೇ ಇಂಟರ್ನೆಟ್ಟಿನಲ್ಲಿ ಬರುತ್ತದೆ ಎಂದು ಸುದ್ದಿಯಾಯಿತು. ಆ ದಿನ ಬೆಳಿಗ್ಗೆ ಸಿದ್ದಣ್ಣನ ಅಂಗಡಿಯ ಮುಂದೆ, ಎಷ್ಟೋ ಕಾಲದ ಮೇಲೆ, ಚಪ್ಪಲಿಗಳ ರಾಶಿ ಬಿತ್ತು. ಎದುರಂಗಡಿ ಆಗಲೇ ತುಂಬಿ ಉಕ್ಕಿದ್ದರಿಂದ ಮಿಕ್ಕವರು ಇಲ್ಲಿಗೆ ಬಂದಿದ್ದರು, ಆದರೂ ಬಂದಿದ್ದರಲ್ಲ. ಮೆಟ್ಟೂರಿನ ಕಾಲೊನಿಯವರು, ಹಳ್ಳಿಯವರು, ತಮಿಳಿನಲ್ಲೂ ಕನ್ನಡದಲ್ಲೂ ದೇವರನ್ನು ಕರೆಯುವವರು. ಸಿದ್ದಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಅವನ ಕುರ್ಚಿಯ ಹಿಂದೆ ಮಂಜುಳಾ, ಹಾಲ್ ಟಿಕೆಟ್ಟನ್ನು ಎದೆಗೆ ಒತ್ತಿಕೊಂಡು.

ಚಕ್ರ ಒತ್ತಿದ. ನಕ್ಷತ್ರಗಳು ಉದುರತೊಡಗಿದವು. ಪುಟದ ತಲೆಯ ಕಡೆ ಒಂದು ಪಟ್ಟಿ ಬಂತು. ಕೆಳಗೆ ನಂಬರ್ ಹಾಕಬೇಕಾದ ಜಾಗ ಬರಲಿಲ್ಲ, ಬರೀ ಬಿಳಿ. ನಕ್ಷತ್ರ ಉದುರುತ್ತಲೇ ಇತ್ತು. "ಯೋಚ್ನೆ ಮಾಡ್ತೈತೆ, ಇರ್ರಿ" ಎಂದ. ಮತ್ತೆ ಒತ್ತಿದ. ಮತ್ತೆ ಬಿಳಿ. ಹಿಂದೆ ನಿಂತಿದ್ದವರು ಮೊದಲು ಕತ್ತು ಚಾಚಿದರು, ಆಮೇಲೆ ಗಡಿಯಾರ ನೋಡಿದರು. ಎದುರಂಗಡಿಯಿಂದ ಯಾರೋ ಕೂಗುತ್ತ ಹೊರಬಂದ, ಪಾಸಾದ ಕೂಗು ಅದು. ಅಷ್ಟೇ ಸಾಕಾಯಿತು. ಒಬ್ಬರು ಚಪ್ಪಲಿ ಹುಡುಕಿದರು, ಇನ್ನೊಬ್ಬರು ಹುಡುಕಿದರು, "ಅಂಗೆ ಸೀಕ್ರಮಾ ವರುದಾಂ" ಎಂದು, ಅಲ್ಲಿ ಬೇಗ ಬರುತ್ತಿದೆಯಂತೆ ಎಂದು ಗೊಣಗಿಕೊಂಡು ಎಲ್ಲ ರಸ್ತೆ ದಾಟಿದರು. ಚಪ್ಪಲಿ ರಾಶಿ ಇದ್ದ ಜಾಗದಲ್ಲಿ ನನ್ನದೂ ಮಂಜುಳಾಳದೂ ಉಳಿದವು.

ನಾನು ಅವನ ಹೆಗಲ ಮೇಲಿಂದ ಕೈ ಚಾಚಿ ಮೂಲೆಯ ನೀಲಿ ಅಕ್ಷರದ ಕಡೆ ಮೌಸ್ ಎಳೆದೆ. ಅವನು ನನ್ನ ಕೈ ಹಿಡಿದ. ಎರಡು ಕೈಯಲ್ಲಿ. ವಾಲ್ವ್ ಹಿಡಿದ ಕೈ, ಬಿಡಿಸಿಕೊಳ್ಳಲಾಗಲಿಲ್ಲ.

"ಅಣ್ಣಾ, ಮಗು ನಿಂತೈತೆ" ಎಂದೆ. ಯಾರ ದನಿಯೂ ಆಗ ನನ್ನ ಬಾಯಿಗೆ ಬರಲಿಲ್ಲ, ನನ್ನದೇ ಬಂತು.

"ಇಷ್ಟ್ ಜನ ಕೇಳಿದ್ರು, ಇಲ್ಲಿ ಅದಿಲ್ಲ ಅಂದೆ" ಎಂದ ಸಿದ್ದಣ್ಣ. "ಊರ್ನೋರ್ಗೆ ಇಲ್ಲ ಅಂದಿದ್ದನ್ನ ಮಗ್ಳಿಗ್ ಕೊಡಾಕಾಯ್ತದಾ?" ಆಮೇಲೆ ಮಂಜುಳಾ ಕಡೆ ತಿರುಗಿ, ಮೆತ್ತಗೆ, ಎದುರಂಗಡಿಗೆ ಹೋಗಿ ನೋಡಿಕೊಂಡು ಬಾ ಎಂದ.

ಅವಳು ಹೋದಳು. ಅವನು ಪರದೆಯನ್ನೇ ನೋಡುತ್ತ ಕೂತ. ನಾನು ರಸ್ತೆ ನೋಡುತ್ತ ನಿಂತೆ. ಹೋಗಿ ಆ ಸೆಂಥಿಲನ ಕಾಲು ಹಿಡಿಯಲೇ, ಇವನ ಕಾಲು ಹಿಡಿಯಲೇ, ಯಾವ ಕಾಲು ಹಿಡಿದರೂ ಏನಾಗುತ್ತದೆ? ಅವಳು ಓಡುತ್ತ ಬಂದಳು. ಪಾಸು, ಒಳ್ಳೆಯ ಮಾರ್ಕು, ಗಣಿತದಲ್ಲಿ ಅವಳು ಹೆದರಿದ್ದಕ್ಕಿಂತ ಎಷ್ಟೋ ಹೆಚ್ಚು. ಸಿದ್ದಣ್ಣ ಎದ್ದು ಅವಳ ತಲೆ ಸವರಿದ. ಅವನ ಕಣ್ಣು ತುಂಬಿತ್ತು, ಆದರೂ ಹಟ ಬಿಡಲಿಲ್ಲ, ನಗುತ್ತಲೇ ಕೇಳಿದ:

"ಅಲ್ಲಿ ನೋಡಿದ್ದುಕ್ಕೆ ಮಾರ್ಕು ಜಾಸ್ತಿ ಕೊಟ್ರಾ?"

"ಇಲ್ಲಪ್ಪ" ಎಂದಳು ಮಂಜುಳಾ. "ಬೇಗ ಬಂತು."

ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಆದದ್ದನ್ನು ಹೇಳಿದಳು ಅಷ್ಟೆ. ಸಿದ್ದಣ್ಣನ ಕೈ ಅವಳ ತಲೆಯ ಮೇಲೆ ಸ್ವಲ್ಪ ಹೊತ್ತು ಹಾಗೇ ಇತ್ತು. ಜನ ಯಾಕೆ ರಸ್ತೆ ದಾಟುತ್ತಾರೆ ಎಂದು ನಾನು ವರ್ಷವಿಡೀ ಉಪದೇಶ ಮಾಡಿದ್ದೆ. ಅವನಿಗೆ ಅರ್ಥವಾದದ್ದು ಆ ಎರಡು ಪದಗಳಲ್ಲಿ. ಅರ್ಥವಾಯಿತು, ಬದಲಾಗಲಿಲ್ಲ. ಅದೇ ನನಗೆ ಇವತ್ತಿಗೂ ನುಂಗಲಾಗದ್ದು.

ಅಂಗಡಿ ಇನ್ನೂ ಕೆಲವು ತಿಂಗಳು ಉಸಿರಾಡಿತು, ಅವನ ಹಾಗೆಯೇ, ನಿಂತು ನಿಂತು. ಕಡೆಗೆ ಎರಡೂ ಕಂಪ್ಯೂಟರುಗಳನ್ನು ಶಂಕಗಿರಿಯ ಲಾರಿ ಬುಕಿಂಗ್ ಆಫೀಸಿನವರಿಗೆ ಮಾರಿದ. ಅವನು ಮಂಜುಳಾಳನ್ನು ಕಾಲೇಜಿಗೆ ಸೇರಿಸಿ, ಹೆಂಡತಿಯ ಊರು ಅದಿಯಮಾನ್‌ಕೋಟೆಗೆ ಹೋಗಿ ಭಾವಮೈದುನನ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವುದೆಂದು ತೀರ್ಮಾನವಾಗಿತ್ತು. ಹೋದ ಎರಡನೆಯ ಚಳಿಗಾಲವನ್ನು ಅವನ ಎದೆ ತಡೆಯಲಿಲ್ಲ. ನನಗೆ ಸುದ್ದಿ ಮುಟ್ಟಿದಾಗ ಎಲ್ಲ ಮುಗಿದಿತ್ತು. ಹಾಗಾಗಿ ನಾನು ಅವನನ್ನು ಕಡೆಯದಾಗಿ ಕಂಡದ್ದು ಲಾರಿ ಆಫೀಸಿನ ವ್ಯಾನು ಬರಬೇಕಿದ್ದ ಆ ಬೆಳಿಗ್ಗೆ.

ಕೊಂಡವರು ಚಕ್ರ ಬೇಡವೆಂದಿದ್ದರು. ತೆಗೆದುಕೊಡಲು ಸಿದ್ದಣ್ಣ ನನಗೇ ಹೇಳಿಕಳಿಸಿದ್ದ. ಕೂತೆ. ನಿಜವಾಗಿಯೂ ತೆಗೆಯಬೇಕೇ ಎಂದು ಕಂಪ್ಯೂಟರ್ ಕೇಳಿತು. ನನ್ನ ಬೆರಳು ಏಳಲಿಲ್ಲ. ಹಿಂದಿನಿಂದ "ಒತ್ತು" ಎಂದ. ಒತ್ತಿದೆ. ಚಕ್ರ ಹೋಯಿತು. ಅದಿದ್ದ ಜಾಗವನ್ನು ಅವನು ಬೆರಳಿಂದ ಒಮ್ಮೆ ಮುಟ್ಟಿ ನೋಡಿದ, ಗಾಜಿನ ಮೇಲೆ.

ತಡೆಯಲಾಗಲಿಲ್ಲ ನನಗೆ. ಅಣ್ಣಾ, ಅವತ್ತು ಏನೂ ಗೊತ್ತಿಲ್ಲದೆ ನಾನು ಆ ಮಾತು ಹೇಳಬಾರದಿತ್ತು, ನಿನ್ನ ಅಂಗಡಿ ಹೋದದ್ದು ನನ್ನಿಂದ, ಎಂದೆ. ಅಂದದ್ದೇ, ಅವನು ವೈರು ಸುತ್ತುತ್ತಿದ್ದವನು ನಿಲ್ಲಿಸಿ, ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ.

"ಯೋಳ್ದೋನು ನೀನು ಕಣ್ಲಾ, ಒಪ್ಕಂಡೋನು ನಾನು" ಎಂದ. "ಅದ್ರಾಗೂ ಪಾಲು ಕೇಳ್ಬ್ಯಾಡ."