ಗಾಡಿಯ ಎರಡನೆಯ ಬ್ಯಾಟರಿ

ಇಲ್ಲ, ಅಕ್ಕ ಗಾಡಿಯೊಳಗೆ ಹತ್ತಿರಲಿಕ್ಕಿಲ್ಲ. ಹಿಂದೊಮ್ಮೆ ಇದನ್ನು ಬರೆದಾಗ ಅವಳನ್ನು ಗೆಳೆಯನ ಎದುರಿಗೆ, ಮಂಚದ ಅಂಚಿನಲ್ಲಿ ಕೂರಿಸಿದ್ದೆ. ಓದಲು ಚೆನ್ನಾಗಿತ್ತು. ಚೆನ್ನಾಗಿತ್ತು ಎಂಬುದಕ್ಕೇ ಈಗ ಅನುಮಾನ. ಕಣ್ಣು ಮುಚ್ಚಿದರೆ ಅವಳು ಗಾಡಿಯ ಬಾಗಿಲ ಹೊರಗೆ ರಸ್ತೆಯ ಮಣ್ಣಿನಲ್ಲೇ ನಿಂತಿದ್ದಾಳೆ, ಸೆರಗನ್ನು ಹಣೆಯವರೆಗೆ ಎಳೆದುಕೊಂಡು. ಇದೂ ನಾನು ಆಮೇಲೆ ಮಾಡಿಕೊಂಡ ಚಿತ್ರವೇ ಇರಬಹುದು. ಮುಂಡರಗಿ, ಅವಳ ಮನೆಯ ಮುಂದೆ, ಮಧ್ಯಾಹ್ನ. ಇಷ್ಟನ್ನು ಮಾತ್ರ ಯಾರ ಮುಂದೆಯೂ ಹೇಳಬಲ್ಲೆ.

ಅವಳು ಗೆಳೆಯನ ಅಕ್ಕ, ನಾನೂ ಅಕ್ಕ ಎನ್ನುತ್ತಿದ್ದೆ. ಗೆಳೆಯ ಬೆಟಗೇರಿಯವನು. ಕೈಮಗ್ಗದ ಸೀರೆಗಳನ್ನು ಹಳೆಯ ಟೆಂಪೋದಲ್ಲಿ ಹಾಕಿಕೊಂಡು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸಂತೆಗಳಲ್ಲಿ ಕೂಗಿ ಮಾರುತ್ತಿದ್ದ. ಆ ಕೂಗು ಹೋಯಿತು. ಗಂಟಲಿನಲ್ಲಿ ಗಂಟಾಗಿ, ಅದರ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಕುತ್ತಿಗೆಯ ನರಕ್ಕೆ ಪೆಟ್ಟು ಬಿದ್ದು ಬಲಗೈ ಸೋತಿತು, ಪೆನ್ನು ಹಿಡಿಯಲಾಗುತ್ತಿರಲಿಲ್ಲ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ಹಳೆಯ ಲ್ಯಾಪ್‌ಟಾಪನ್ನು ಯಾರೋ ಸಿದ್ಧಮಾಡಿ ಕೊಟ್ಟರು. ಎಡಗೈಯ ಒಂದೇ ಬೆರಳಿನಿಂದ ಅಕ್ಷರ ಒತ್ತುತ್ತಿದ್ದ. ಬರೆದು ಮುಗಿದ ಮೇಲೆ ಒಂದು ಗುಂಡಿ. ಅದನ್ನು ಒತ್ತುವವರೆಗೆ ಮಾತು ಅವನೊಳಗೇ ಇದ್ದ ಹಾಗೆ.

ಮರುಕಪಡಲು ಮನೆಗೆ ಬರುವವರ ಲೊಚ್‌ಲೊಚ್ ಅವನಿಗೆ ಆಗಲಿಲ್ಲ. ಟೆಂಪೋದಲ್ಲಿ ಮಂಚ ಹಾಕಿಸಿ, ಒಲೆ ಇಟ್ಟು, ಅದನ್ನೇ ಮನೆ ಮಾಡಿಕೊಂಡ. ನಾನು ಡ್ರೈವರ್. ಲ್ಯಾಪ್‌ಟಾಪಿನ ಒಳಗಿನ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ವಾಯರ್ ಚುಚ್ಚಿದ್ದರೆ ಮಾತು, ಕಿತ್ತರೆ ಇಲ್ಲ. ಅದಕ್ಕಾಗಿಯೇ ಬೆಟಗೇರಿಯ ಮಿಸ್ತ್ರಿ ಸೀಟಿನ ಹಿಂದೆ ಎರಡನೆಯ ಬ್ಯಾಟರಿ ಕೂಡಿಸಿ, ಇನ್ವರ್ಟರ್ ಜೋಡಿಸಿ ಕೊಟ್ಟಿದ್ದ.

"ಎಂಜಿನ್ ಬ್ಯಾಟರಿ ಬ್ಯಾರೆ, ಇದು ಬ್ಯಾರೆರಿ ಸರ. ಅದು ಒಮ್ಮೆ ಗುದ್ದಿ ಸುಮ್ಮನಾಗೂದು. ಇದು ದಿನಪೂರ್ತಿ ಸಾವಕಾಶ ಕೊಡೂದು. ಗಾಡಿ ಓಡೂಮುಂದ ತುಂಬತೈತಿ. ಅರ್ಧಕ್ಕಿಂತ ಕೆಳಗ ಇಳಿಸಬ್ಯಾಡ್ರಿ, ನೀರು ನೋಡಿಕೋತ ಇರ್ರಿ."

ನೀರು ನೋಡುವುದು ನನ್ನ ಕೆಲಸವಾಯಿತು. ಬ್ಯಾಟರಿ ನೀರು ಅಂಗಡಿಯಲ್ಲಿ ಸಿಗುತ್ತದೆಂದು ಗೊತ್ತಿರಲಿಲ್ಲವೆಂದಲ್ಲ. ಆದರೆ ನಮ್ಮ ಕಡೆಯ ಬೋರಿನ ನೀರು ಕೊಡದಲ್ಲಿ ಬಿಳಿ ಗೆರೆ ಬಿಡುತ್ತದೆ, ಊರೂರಿಗೆ ಹಾಕಿದ ಕುಡಿಯುವ ನೀರಿನ ಘಟಕದ ನೀರು ಬಿಡುವುದಿಲ್ಲ. ಅದಕ್ಕಿಂತ ಒಳ್ಳೆಯ ನೀರು ಇನ್ನೇನಿದ್ದೀತು ಎಂದುಕೊಂಡೆ. ಕ್ಯಾನು ತುಂಬುವಾಗಲೆಲ್ಲ ಬ್ಯಾಟರಿಗೂ ಅದನ್ನೇ ಹುಯ್ದೆ. ಆರೇಳು ತಿಂಗಳು.

ಇನ್ನು ಅಕ್ಕನ ಸಂಗತಿ. ಮದುವೆಯಾಗಿ ಹೋದ ಮಗಳು ಬಂದು ಮುಖ ನೋಡುವವರೆಗೆ ತಾಯಿಯನ್ನು ಮಣ್ಣು ಮಾಡುವುದಿಲ್ಲ. ಅವರ ಅವ್ವ ತೀರಿಕೊಂಡಾಗ ಮುಂಡರಗಿಗೆ ಖಬರ ಹೋಗಿತ್ತು, ಅಕ್ಕ ಬಸ್ಸಿನಲ್ಲಿ ಹೊರಟಿದ್ದಳು. ಗೆಳೆಯ ಅವಳು ಬರುವವರೆಗೆ ತಡೆಯಲಿಲ್ಲ. ಅವಳು ಬೆಟಗೇರಿಯಲ್ಲಿ ಇಳಿದಾಗ ಗಂಡಸರು ಮಣ್ಣು ಮುಗಿಸಿ ತಿರುಗಿ ಬರುತ್ತಿದ್ದರು. ಅವಳು ಮನೆಯೊಳಗೆ ಕಾಲಿಡದೆ ಹಾಗೇ ಬಸ್ ಸ್ಟ್ಯಾಂಡಿಗೆ ಹೋದಳು. ಆಮೇಲೆ ಹನ್ನೊಂದು ವರ್ಷ ಮಾತಿಲ್ಲ. ಕೂಗುವ ದನಿ ಇದ್ದಾಗಲೂ, ಯಾಕೆ ತಡೆಯಲಿಲ್ಲ ಎಂದು ಅವನು ಯಾರಿಗೂ ಹೇಳಲಿಲ್ಲ. ನಾನು ಆಗ ಊರಲ್ಲಿರಲಿಲ್ಲ.

ಅಕ್ಕನಲ್ಲಿಗೆ ಹೋದ ಆ ಸಲ ಶಿರಹಟ್ಟಿ ಕಡೆಯ ಮಾಗಡಿ ಕೆರೆಯ ದಂಡೆಯಲ್ಲಿ ಎರಡು ದಿನ ನಿಂತಿದ್ದೆವು. ಹಕ್ಕಿಗಳು ಹೊರಡುವ ಕಾಲ, ಕೆರೆ ಅರ್ಧ ಖಾಲಿ. ಬೆಳಿಗ್ಗೆ ಚಹಾ ಕುಡಿದವನು ಬರೆದು ಗುಂಡಿ ಒತ್ತಿದ. ಯಂತ್ರ ತನ್ನ ಚಪ್ಪಟೆ ದನಿಯಲ್ಲಿ ಹೇಳಿತು: "ಮುಂಡರಗಿಗೆ ಹೋಗೂಣು. ಅಕ್ಕಗ ಹೇಳೂದೈತಿ."

"ಇಲ್ಲೇ ಬರದು ಇಡು. ನಾ ಓದಿ ಹೇಳತೇನಿ," ಎಂದೆ. ಅಕ್ಕನಿಗೆ ಓದು ಬಾರದು.

ತಲೆ ಅಲ್ಲಾಡಿಸಿ ಮತ್ತೆ ಬರೆದ. "ನಿನ್ನ ಬಾಯಿಲೆ ಬ್ಯಾಡ."

ಬೆಳ್ಳಟ್ಟಿಯಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಊರಿಗೆ ಕರೆಂಟಿರಲಿಲ್ಲ, ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು. ಅಂಗಡಿಯ ಕಟ್ಟೆಯ ಮೇಲಿದ್ದ ಮುದುಕನೊಬ್ಬ ಗಾಡಿಯೊಳಗೆ ಇಣುಕಿದ.

"ಸಾಹುಕಾರ, ಊರಾಗ ಎರಡು ದಿನ ಆತು ದೀಪಿಲ್ಲ, ನಿಮ್ಮ ಗಾಡ್ಯಾಗ ಫ್ಯಾನ್ ತಿರಗಾಕ ಹತ್ತೇತಲ್ರಿ! ಈ ಮೊಬೈಲ್ ಒಂದೀಟು ಚುಚ್ಚರಿ."

ಯಂತ್ರ ಹೇಳಿತು: "ತರ್ರಿ. ಎಲ್ಲಾರೂ ತರ್ರಿ."

"ಅಲೆಲೆ, ರೇಲ್ವೆ ಸ್ಟೇಷನ್ನಿನ ಬಾಯಿ ತಂದಾರಲೇ ಇವರು! ಗುಂತಕಲ್ ಗಾಡಿ ಎಷ್ಟಕ್ಕ ಬರತೈತ್ರಿ?"

ಗೆಳೆಯ ಬೆರಳಾಡಿಸಿದ. "ಎರಡು ತಾಸು ತಡ."

ಕಟ್ಟೆಗೆ ಕಟ್ಟೆಯೇ ನಕ್ಕಿತು. ಅವನೂ ದನಿಯಿಲ್ಲದೆ, ಹೊಟ್ಟೆ ಕುಣಿಸಿ ನಕ್ಕ. ಆಪರೇಷನ್ ಆದ ಮೇಲೆ ಜನ ಅವನ ಜೊತೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೊಬೈಲುಗಳು ಬಂದವು, ಒಂದು ಟಾರ್ಚು, ಒಂದು ರೇಡಿಯೋ. "ಸಾಕೋ ಮಾರಾಯಾ, ಬ್ಯಾಟರಿ ಇಳೀತೈತಿ," ಎಂದೆ. ಕೈ ಬೀಸಿ ಸುಮ್ಮನಾಗಿಸಿದ. ನಾನೂ ಬಿಟ್ಟೆ. ಮುಂಡರಗಿ ಮುಟ್ಟುವಷ್ಟರಲ್ಲಿ ಎಂಜಿನ್ ಮತ್ತೆ ತುಂಬಿಸುತ್ತದೆ ಎಂಬ ಲೆಕ್ಕ.

ಮುಂಡರಗಿಯಲ್ಲೂ ಆ ಹೊತ್ತಿಗೆ ಕರೆಂಟ್ ತೆಗೆದಿದ್ದರು. ಇದ್ದರೂ ಅವನು ಕರೆಯದೆ ಅವಳ ಮನೆಯೊಳಗೆ ಹೋಗುವವನಲ್ಲ. ನಾನು ಬಾಗಿಲು ಬಡಿದೆ. ಅಕ್ಕ ಹೊರಬಂದು ಗಾಡಿ ನೋಡಿದಳು, ಅವನನ್ನು ನೋಡಿದಳು.

"ಯಾಕ ಬಂದಿ?"

"ಹೇಳಾಕ ಬಂದೇನಿ," ಎಂದಿತು ಯಂತ್ರ.

ಅವಳು ಬೆಚ್ಚಿದಳು. "ಯಪ್ಪಾ, ಇದೇನ ನಿನ್ನ ದನಿ? ಸಂತ್ಯಾಗ ಮೂರು ಓಣಿಗೆ ಕೇಳೂವಂಗ ಒದರತಿದ್ದಿ. ಈಗ ನೋಡ, ಪೆಟ್ಟಿಗ್ಯಾಗ ಹೊಕ್ಕೊಂಡು ಕುಂತಿ." ಸಿಟ್ಟಿನಲ್ಲೇ ಅವಳ ದನಿ ಒಡೆಯಿತು. "ಆತು, ಹೇಳು. ಯಾಕ ತಡೀಲಿಲ್ಲ? ಒಂದ ತಾಸು. ಒಂದ ತಾಸು ಅವ್ವನ್ನ ಇಟ್ಕೊಳ್ಳಾಕ ಆಗಲಿಲ್ಲೇನ ನಿನಗ?"

ಅವನು ಬರೆಯತೊಡಗಿದ. ಬಹಳ ಹೊತ್ತು ಬರೆದ. ಅಕ್ಕ ಅವನ ಬೆರಳನ್ನೇ ನೋಡುತ್ತಿದ್ದಳು. ನಾನು ಮತ್ತೆ ಹತ್ತಿ, ಡ್ರೈವರ್ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕುಳಿತಿದ್ದೆ. ಪರದೆ ಓರೆಯಾಗಿತ್ತು, ಬಿಸಿಲು ಅದರ ಮೇಲಿತ್ತು. ಸಾಲು ಬೆಳೆಯುವುದು ಕಂಡಿತು, ಅಕ್ಷರ ಕಾಣಲಿಲ್ಲ. ಮೂರು ಸಾಲು ತುಂಬಿ ನಾಲ್ಕನೆಯದು ಶುರುವಾಗಿತ್ತು. ಫ್ಯಾನ್ ನಿಂತಿತು. ಪರದೆ ಕಪ್ಪಾಯಿತು.

ಎಂಜಿನ್ ಚಾಲೂ ಮಾಡಿದೆ. ಹತ್ತು ನಿಮಿಷವೋ ಹದಿನೈದೋ ಗರಗರ ಎನ್ನಿಸಿ ಮತ್ತೆ ಲ್ಯಾಪ್‌ಟಾಪ್ ಹಚ್ಚಿದೆ. ಹಾಳೆ ಖಾಲಿ. ಬರೆದದ್ದನ್ನು ಉಳಿಸುವ ರೂಢಿ ಅವನಿಗಿರಲಿಲ್ಲ; ಆಡಿದ ಮಾತನ್ನು ಯಾರು ಉಳಿಸಿಡುತ್ತಾರೆ?

"ಮತ್ತ ಬರಿ," ಎಂದಳು ಅಕ್ಕ. ಆಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಬೆರಳನ್ನು ಒಂದು ಅಕ್ಷರದ ಮೇಲೆ ಇಟ್ಟ. ಒತ್ತಲಿಲ್ಲ. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ, ಕಣ್ಣೂ ಮುಚ್ಚಿದ.

"ಹೇಳಾಕ ಮನಸಿಲ್ಲದವ ಬರಬಾರದಿತ್ತು," ಎಂದು ಒಳಗೆ ಹೋದಳು. ತುಸು ಹೊತ್ತಿಗೆ ಹೊರಬಂದು ನನ್ನ ಕೈಗೆ ಒಂದು ತಂಬಿಗೆ ನೀರು ಕೊಟ್ಟಳು. ನನಗೊಬ್ಬನಿಗೋ ಇಬ್ಬರಿಗೋ, ಹೇಳಲಿಲ್ಲ. ಅರ್ಧ ಕುಡಿದು ಅವನಿಗೆ ಕೊಟ್ಟೆ ಎಂದು ನೆನಪು. ಕೊಡದೆಯೂ ಇರಬಹುದು.

ಬೆಟಗೇರಿಯಲ್ಲಿ ಮಿಸ್ತ್ರಿ ಬ್ಯಾಟರಿಯ ಬಿರಡೆಗಳನ್ನು ಬಿಚ್ಚಿ, ಒಳಗೆ ಟಾರ್ಚು ಬಿಟ್ಟು ನೋಡಿದ. "ಇದಕ್ಕ ಏನ್ ಹಾಕೀರಿ?"

"ಘಟಕದ ನೀರು."

"ಅಯ್ಯ ಸರ, ಅದು ಮಂದಿ ಕುಡಿಯೂ ನೀರು. ಅದರಾಗೂ ಉಪ್ಪು ಇರತೈತಿ. ಪ್ಲೇಟು ಸತ್ತಾವು. ಎಷ್ಟ ತುಂಬಿದರೂ ಇದು ಹಿಡೀತಿರಲಿಲ್ಲ."

ಗೆಳೆಯನಿಗೆ ಹೇಳಬೇಡ ಎಂದು ಅವನನ್ನು ಕೇಳಿಕೊಂಡೆ. ಬೆಳ್ಳಟ್ಟಿಯವರ ಮೊಬೈಲುಗಳೇ ಬ್ಯಾಟರಿ ತಿಂದವು, ಅದು ತಾನೇ ಮಾಡಿಕೊಂಡ ತಪ್ಪು ಎಂದು ಗೆಳೆಯ ನಂಬಿದ್ದ. ನಾನು ನಂಬಲು ಬಿಟ್ಟೆ. ಆಮೇಲೆ ಯಾವ ಊರಿನಲ್ಲೂ ಅವನು ಯಾರಿಗೂ ತರ್ರಿ ಎನ್ನಲಿಲ್ಲ. ಹೊಸ ಬ್ಯಾಟರಿ ಬಂತು, ಯಂತ್ರ ಚಹಾ ಕೇಳಿತು, ಕಿಟಕಿ ಹಾಕು ಎಂದಿತು, ಸೀರೆ ಮಾರಿದ ದಿನಗಳ ಎಷ್ಟೋ ಹರಟೆ ಹೊಡೆಯಿತು. ಆ ನಾಲ್ಕು ಸಾಲನ್ನು ಅವನು ಮತ್ತೆ ಬರೆಯಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಮಾತು ನೀರಿನವರೆಗೆ ಹೋದೀತೆಂಬ ಹೆದರಿಕೆ.

ಮಳೆಗಾಲ ಮುಗಿಯುವಾಗ ಅವನು ಹೋದ. ಅಕ್ಕನಿಗಾಗಿ ತಡೆದೆವು. ಬಂದಳು, ಮುಖ ನೋಡಿದಳು, ಅಳಲಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಹತ್ತಿರ ಬಂದು ಕೇಳಿದಳು: "ತಮ್ಮಾ, ಅವತ್ತ ನೀ ಗಾಡ್ಯಾಗ ಇದ್ದೆಲ್ಲ. ಏನ್ ಬರದಿದ್ದ?"

ಏನಾದರೂ ಹೇಳಬಹುದಿತ್ತು. ತಪ್ಪಾತು ಅಂತ ಬರದಿದ್ದ ಎಂದರೆ ಅವಳು ನಂಬುತ್ತಿದ್ದಳು. ಇಷ್ಟು ಹೊತ್ತಿಗೆ ನಾನೂ ನಂಬಿರುತ್ತಿದ್ದೆ.

"ಕಾಣಲಿಲ್ಲ ಅಕ್ಕಾ," ಎಂದೆ.

ನಾಲ್ಕು ಸಾಲಿತ್ತೆಂದು ಬರೆದಿದ್ದೇನೆ, ಐದಿರಬಹುದು. ಅವನು ಅಂದು ಅಕ್ಕನಿಗಾಗಿ ಯಾಕೆ ತಡೆಯಲಿಲ್ಲ ಎಂಬುದು ನನಗೆ ಗೊತ್ತಿಲ್ಲ. ಗೊತ್ತಿದ್ದವರು ಇನ್ನು ಯಾರೂ ಇಲ್ಲ.