ತೋಟದಕ್ಕನ ಹಸಿರು ಬಳೆ

ಕಾವ್ಯ, ಮಂಜು… ಹೋದ ವಾರ ಪಕ್ಕದ ಮನೆಯವರು ಎತ್ತುಗಳಿಗೆಂದು ಹತ್ತಿಕಾಳು ನೆನೆಹಾಕಿದ್ದರು. ಅದರ ಹುಳಿ ವಾಸನೆ ನಮ್ಮ ಅಂಗಳಕ್ಕೆ ಬಂದಾಗ ನಾನು ಕಸಬರಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ತಲೆ ತಿರುಗಿತೇನೋ ಎಂದು ನೀವಿಬ್ಬರೂ ಓಡಿ ಬಂದಿರಿ. ತಲೆ ತಿರುಗಿರಲಿಲ್ಲ. ಅದೇ ವಾಸನೆಯ ಕೊಟ್ಟಿಗೆಯ ಪಕ್ಕದಲ್ಲಿ ನನ್ನ ಮಗಳು, ನಿಮ್ಮವ್ವ, ಒಮ್ಮೆ ನಲವತ್ತು ದಿನ ಇದ್ದಳು. ಅವಳನ್ನು ಇಟ್ಟುಕೊಂಡವಳ ವಿಷಯ ನಿಮಗೆ ಹೇಳಬೇಕು. ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಇಂದಿಗೂ ಆಗುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತನಕ ಕಲಿತ ಅಕ್ಷರದಲ್ಲಿ ಬರೆಯುತ್ತೇನೆ.

ನಿಮ್ಮ ತಾತ ತೀರಿಕೊಂಡಾಗ ನಿಮ್ಮವ್ವ ಒಂಬತ್ತನೆಯ ತರಗತಿಯಲ್ಲಿದ್ದಳು. ಆಮೇಲೆ ಹೊಸ್ತಿಲು ದಾಟಿದರೆ ಅವಳ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅಂಗಡಿಗೆ ಕಳಿಸಿದರೆ ಬೇಕಾದ ಸಾಮಾನನ್ನು ಬೆರಳಿನಿಂದ ತೋರಿಸಿ ತರುತ್ತಿದ್ದಳು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಸುಮ್ಮನೆ ನಿಂತು ಪೆಟ್ಟು ತಿಂದಳು… ಕಡೆಗೆ ಶಾಲೆ ಬಿಟ್ಟಳು. ಆಗ ಅಂಗನವಾಡಿ ಟೀಚರು ಬಂದು, ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ದಾರಿಯಲ್ಲಿ ಒಂದು ತೋಟವಿದೆ, ಅಲ್ಲೊಬ್ಬ ಹೆಣ್ಣುಮಗಳು ಇಂಥ ಹುಡುಗಿಯರನ್ನು ನಲವತ್ತು ದಿನ ಇಟ್ಟುಕೊಂಡು ಹೊಲದ ಕೆಲಸ ಕಲಿಸುತ್ತಾಳೆ, ಧೈರ್ಯ ಬರುತ್ತದೆ ಎಂದರು. ನಮ್ಮೂರಲ್ಲಿ ಹೊಲವಿಲ್ಲವೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಆದರೂ ಕರೆದುಕೊಂಡು ಹೋದೆ.

ಎಲ್ಲರೂ ಆಕೆಯನ್ನು ತೋಟದಕ್ಕ ಎನ್ನುತ್ತಿದ್ದರು. ನನಗಿಂತ ಹತ್ತು ವರ್ಷ ದೊಡ್ಡವಳು. ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಪಕ್ಕದಲ್ಲಿದ್ದವರ ಜೊತೆಗೂ ಬಾವಿಯ ಆಚೆ ದಡದವರನ್ನು ಕೂಗುವಂತೆ ಮಾತಾಡುತ್ತಿದ್ದಳು. ನಿಮ್ಮವ್ವ ನನ್ನ ಸೆರಗಿನ ಹಿಂದೆ ನಿಂತಿದ್ದಳು. ಆಕೆ ಬಗ್ಗಿ ನೋಡಿ, "ಮನಷ್ಯಾರ ಕೂಡ ಮಾತಾಡಬ್ಯಾಡ ಬಿಡವ್ವ. ಎತ್ತಿನ ಕೂಡ ಮಾತಾಡು. ಅವು ಯಾರ ಮುಂದೂ ಹೇಳಂಗಿಲ್ಲ" ಎಂದಳು. ಉಳಿದ ಹುಡುಗಿಯರು ನಕ್ಕರು. ನಿಮ್ಮವ್ವ ನಗಲಿಲ್ಲ, ಆದರೆ ಸೆರಗು ಬಿಟ್ಟಳು.

ಇಪ್ಪತ್ತು ದಿನ ಕಳೆದಿರಬೇಕು. ನನ್ನಣ್ಣ ಹರಪನಹಳ್ಳಿ ಕಡೆಯ ಒಂದು ಗಂಡು ನೋಡಿಕೊಂಡು ಬಂದ. ಮೊದಲ ಹೆಂಡತಿ ಸತ್ತಿದ್ದಳು, ವಯಸ್ಸು ಮೂವತ್ತು ದಾಟಿತ್ತು. ಹುಡುಗಿ ಬಾಯಿ ಮಾಡುವುದಿಲ್ಲ ಎಂದು ಕೇಳಿ, ನನಗೆ ಅಂಥವಳೇ ಬೇಕು ಎಂದನಂತೆ. ನನಗೆ ಅದು ಮೆಚ್ಚುಗೆಯ ಮಾತಿನ ಹಾಗೆ ಕೇಳಿಸಿತು… ಈಗ ನೆನೆದರೆ ಮೈ ಜುಮ್ಮೆನ್ನುತ್ತದೆ. ಗುರುವಾರ ನೋಡಲು ಬರುತ್ತಾರೆ, ಮಂಗಳವಾರವೇ ಅವಳನ್ನು ಕರೆದುಕೊಂಡು ಬಾ ಎಂದ ಅಣ್ಣ. ಆಗಲಿ ಎಂದೆ.

ಬಸ್ಸಿಳಿದು ನಡೆದು ಹೋದೆ. ತೋಟದ ಹಿಂದೆ ಶೇಂಗಾ ಹೊಲ, ಅದರಲ್ಲಿ ಯಾರೋ ಎತ್ತು ಹೂಡಿ, ಸಾಲುಗಳ ನಡುವಿನ ಕಳೆ ತೆಗೆಯಲು ಎಡೆಕುಂಟೆ ಹೊಡೆಯುತ್ತಿದ್ದರು. ದೂರದಿಂದಲೇ ದನಿ ಕೇಳಿಸಿತು: "ಹೈ, ನಡೀ ಮಗನ! ಸಾಲು ಬಿಟ್ಟು ಎಲ್ಲಿಗೆ ಹೊಂಟಿ, ನಿನ್ನ ಅತ್ತಿ ಮನಿಗಾ?"

ಬದುವಿನ ಮೇಲೆ ಉಳಿದ ಹುಡುಗಿಯರ ಜೊತೆ ತೋಟದಕ್ಕ ಕೂತಿದ್ದಳು. ನಾನು ನಗುತ್ತಾ, "ಯಾರ ಮಗಳಬೇ ಅದು, ಗಂಡಬೀರಿ? ಹೆತ್ತಾಕಿಗೆ ನಾಚಿಕಿ ಇಲ್ಲೇನು?" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಹೆತ್ತಾಕಿನ್ನ ನಾ ಏನಂತ ಕೇಳಲಿ ತಂಗಿ? ಇಲ್ಲೇ ನಿಂತಾಳ."

ಎತ್ತು ತಿರುಗಿದವು. ಕುಂಟೆಯ ಹಿಂದೆ ನಿಮ್ಮವ್ವ ಇದ್ದಳು.

ಹದಿನಾರು ವರ್ಷ ಸಾಕಿದ ಮಗಳ ದನಿ ನನಗೆ ಗುರುತು ಸಿಕ್ಕಿರಲಿಲ್ಲ. ಏನು ಹೇಳಬೇಕೆಂದು ತಿಳಿಯದೆ, ಬಂದ ಕೆಲಸ ಹೇಳಿದೆ. ಗಂಡಿನವರು ಬರುತ್ತಾರೆ, ನಡಿ ಎಂದೆ. ಅವಳು ಹಗ್ಗ ಕೈಯಲ್ಲೇ ಹಿಡಿದುಕೊಂಡು, ಎತ್ತಿಗೆ ಹೇಳಿದಷ್ಟೇ ಗಟ್ಟಿಯಾಗಿ ಹೇಳಿದಳು: "ನಾ ಬರಂಗಿಲ್ಲಬೇ. ನಾ ಮತ್ತ ಸಾಲಿ ಕಲಿಯಾಕಿ."

ಅವಳು ನನಗೆ ಒಲ್ಲೆ ಎಂದದ್ದು ಅದೇ ಮೊದಲು. ನಾನು ಅವಳ ತೋಳು ಹಿಡಿದು ಎಳೆದೆ. ತೋಟದಕ್ಕ ನಡುವೆ ಬಂದಳು. ನಾನು… ಹೇಗೆ ಬರೆಯಲಿ. ಯಾರ ಎದುರೂ ತಲೆಯೆತ್ತದ ನಾನು ಎರಡೂ ಕೈಯಿಂದ ಆಕೆಯನ್ನು ನೂಕಿದೆ. ಆಕೆ ಕುಂಟೆಯ ಮೇಲೆ ಬಿದ್ದಳು. ಬಲಗೈಯ ಬಳೆಗಳೆಲ್ಲ ಚೂರಾದವು, ಮಣಿಕಟ್ಟಿನಿಂದ ರಕ್ತ ಇಳಿಯಿತು.

ನೀವು ಈಗಿನ ಮಕ್ಕಳು, ನಿಮಗೆ ಇದು ಗೊತ್ತಾಗಲಿಕ್ಕಿಲ್ಲ. ನಮ್ಮ ಕಾಲದಲ್ಲಿ ಗಂಡ ಸತ್ತವಳ ಬಳೆಯನ್ನು ಕಲ್ಲಿಗೆ ಕುಟ್ಟಿ ಒಡೆಯುತ್ತಿದ್ದರು. ನನ್ನವನ್ನೂ ಹಾಗೇ ಒಡೆದಿದ್ದರು. ಮುತ್ತೈದೆಯ ಕೈಬಳೆ ತಾನಾಗಿ ಹೋದರೂ ಒಡೆಯಿತು ಎನ್ನಬಾರದು, ಹೆಚ್ಚಾಯಿತು ಎನ್ನಬೇಕು. ನಾನು ಮುಂಡೆ, ಒಬ್ಬ ಮುತ್ತೈದೆಯ ಬಳೆಯನ್ನು ನನ್ನ ಕೈಯಾರೆ ಒಡೆದಿದ್ದೆ. ಹುಡುಗಿಯರೆಲ್ಲ ಬಾಯಿಯ ಮೇಲೆ ಕೈ ಇಟ್ಟುಕೊಂಡು ನಿಂತರು.

ತೋಟದಕ್ಕ ಎದ್ದು ಕೂತು ಮಣ್ಣಿನಿಂದ ಚೂರು ಆರಿಸತೊಡಗಿದಳು. ಎತ್ತಿನ ಕಾಲಿಗೆ ಚುಚ್ಚೀತು ಎಂದು. "ಬಳಿ ಹೆಚ್ಚಾದುವಲ್ಲವ್ವ, ಅಷ್ಟ. ಬಳಿಗಾರ ಸಂತಿಗೆ ಬರ್ತಾನ" ಎಂದಳು. ಆಮೇಲೆ ನಿಮ್ಮವ್ವನ ಕಡೆ ತಿರುಗಿ, "ನಿಂತು ಏನ್ ನೋಡ್ತೀಯಲೇ? ನಿಮ್ಮವ್ವ ಬಿಸಲಾಗ ಬಂದಾಳ, ನೀರು ಕೊಡು."

ನೀರು ಬರುವ ತನಕ ನಾನು ನಿಲ್ಲಲಿಲ್ಲ. ಒಬ್ಬಳೇ ಬಸ್ಸು ಹತ್ತಿದೆ. ಹುಡುಗಿ ಬರಲಿಲ್ಲ ಎಂದಷ್ಟೇ ಅಣ್ಣನಿಗೆ ಹೇಳಿದೆ. ಅವನು ಮೂರು ವರ್ಷ ನಮ್ಮ ಮನೆಯ ಮೆಟ್ಟಿಲು ಹತ್ತಲಿಲ್ಲ. ನಲವತ್ತು ದಿನ ಮುಗಿದ ಮೇಲೆ ನಿಮ್ಮವ್ವ ದಾರಿ ಕೇಳಿಕೊಂಡು ತಾನೇ ಬಂದಳು, ಶಾಲೆಗೆ ಸೇರಿದಳು. ಮುಂದೆ ಎಷ್ಟೋ ವರ್ಷದ ನಂತರ ನಿಮ್ಮಪ್ಪ ನೋಡಲು ಬಂದಾಗ ಅವನನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಿ, ಹೂಂ ಎಂದವಳೂ ಅವಳೇ.

ನಾನು ಮಾತ್ರ ತೋಟಕ್ಕೆ ಮತ್ತೆ ಹೋಗಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು. ನಾಳೆ, ಮುಂದಿನ ಅಮಾವಾಸ್ಯೆಗೆ, ಬಿತ್ತನೆ ಮುಗಿಯಲಿ… ಹಾಗೇ ವರ್ಷಗಳು ಹೋದವು. ಆ ಕಡೆಯವರು ಯಾರೇ ಸಿಕ್ಕರೂ ಒಂದೇ ಮಾತು ಕೇಳುತ್ತಿದ್ದೆ: "ತೋಟದಕ್ಕನ ಗಂಡ ಆರಾಮ ಅದಾನೇನ್ರಿ?" ಅವನಿಗೆ ಜ್ವರ ಬಂದಿದೆ ಎಂದು ಒಮ್ಮೆ ಕೇಳಿ, ಒಂಬತ್ತು ದಿನ ಒಂದೇ ಹೊತ್ತು ಉಂಡೆ. ಆಕೆ ಹೇಗಿದ್ದಾಳೆ ಎಂದು ಒಮ್ಮೆಯೂ ಕೇಳಲಿಲ್ಲ.

ಮೂರು ವಾರದ ಹಿಂದೆ ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಆ ಊರಿನ ಒಬ್ಬ ಹೆಣ್ಣುಮಗಳು ಸಿಕ್ಕಳು. ಅದೇ ಪ್ರಶ್ನೆ ಕೇಳಿದೆ. "ಅವಂಗೇನಾಗೈತಿ, ಗುಂಡುಕಲ್ಲಿನಂಗ ಅದಾನ. ಆಕೀನ ಹೋಗಿ ಎರಡು ವರ್ಷಾತು. ಪುಣ್ಯವಂತಿ, ಕೈತುಂಬ ಬಳಿ ಇಟಗೊಂಡು ಹೋದ್ಲು" ಎಂದಳು.

ಒಂದು ಗಳಿಗೆ ನನ್ನ ಎದೆ ಹಗುರಾಯಿತು. ಅಪಶಕುನ ತಟ್ಟಲಿಲ್ಲ, ನಾನು ಗೆದ್ದೆ ಎನ್ನಿಸಿತು. ಮರುಗಳಿಗೆಗೆ ತಿಳಿಯಿತು, ಒಂದು ಸಾವಿನ ಸುದ್ದಿಗೆ ನಾನು ಹಗುರಾಗಿದ್ದೆ. ನನ್ನನ್ನು ಕಂಡು ನಾನೇ ಬೆಚ್ಚಿಬಿದ್ದೆ.

ಮನೆಗೆ ಬಂದು ನಿಮ್ಮವ್ವನಿಗೆ ಹೇಳಿದೆ. ಅವಳಿಗೆ ಗೊತ್ತಿತ್ತು. ಮಣ್ಣು ಮಾಡುವ ದಿನ ಹೋಗಿಯೂ ಬಂದಿದ್ದಳಂತೆ. ನನಗ್ಯಾಕೆ ಹೇಳಲಿಲ್ಲ ಎಂದೆ. "ಆಕೀ ಮಾತು ತಗದ್ರ ನೀ ಎದ್ದು ಒಳಗ ಹೋಗ್ತಿದ್ದೆಲ್ಲಬೇ" ಎಂದಳು. ಸಿಟ್ಟಿನಿಂದ ಅನ್ನಲಿಲ್ಲ.

ಈ ಹಾಳೆಗಳು ಒದ್ದೆಯಾಗದಂತೆ ನಿಮ್ಮ ಮಾರ್ಕ್ಸ್ ಕಾರ್ಡ್ ಇಟ್ಟ ಪೆಟ್ಟಿಗೆಯಲ್ಲಿಡಿ. ತಪ್ಪಾಯಿತು ಅಕ್ಕ ಎಂಬ ಮಾತನ್ನು ನಾನು ಯಾರ ಮುಂದೆಯೂ ಆಡಲಿಲ್ಲ. ಅದು ಇರುವುದು ಇಲ್ಲಿ ಮಾತ್ರ.