ಹಿಟ್ಟು ಹತ್ತದ ಬಟನ್

ಅಡುಗೆಮನೆಯ ಕಟ್ಟೆಯ ಮೇಲೆ ರೇಣುಕಾಳ ಫೋನು ಬಿದ್ದಿತ್ತು. ರೇಣುಕಾ ನಮ್ಮಣ್ಣನ ಮಗಳು. ನಮ್ಮ ಹಳ್ಳಿ ಸುಳ್ಳದಿಂದ ಬಂದು ಉಣಕಲ್ಲಿನ ನಮ್ಮ ಮನೆಯಲ್ಲಿದ್ದುಕೊಂಡು ಪಿಯುಸಿ ಮುಗಿಸಿದವಳು. ರೊಟ್ಟಿ ಬಡಿಯುತ್ತಲೇ ಫೋನು ನೋಡುವ ಚಟ ಅವಳಿಗೆ. ಪರದೆಯ ತುಂಬ ಜೋಳದ ಹಿಟ್ಟಿನ ಬೆರಳಚ್ಚು. ಒಂದು ಜಾಗ ಮಾತ್ರ ಸ್ವಚ್ಛವಾಗಿತ್ತು: ವಿಶ್ವವಿದ್ಯಾಲಯದ ಪ್ರವೇಶ ಅರ್ಜಿಯ ಕೊನೆಗಿದ್ದ ಕೆಂಪು ಬಟನ್. ಆ ಬಟನ್ ಮಾಡಿದವಳು ನಾನು.

ಮುಚ್ಚಿಡುವುದೇಕೆ, ಅದರ ಬಗ್ಗೆ ನನಗೆ ಜಂಬವಿತ್ತು. ವಿಶ್ವವಿದ್ಯಾಲಯದ ವೆಬ್‌ಸೈಟ್ ನೋಡಿಕೊಳ್ಳುವುದು ನನ್ನ ನೌಕರಿ. ಮೂರು ಮೀಟಿಂಗ್‌ಗಳಲ್ಲಿ ಜಗಳಾಡಿ ಕೆಂಪು ಬಣ್ಣ ಗೆದ್ದಿದ್ದೆ. ಪುಟದಲ್ಲಿ ಬೇರೇನೂ ಕೆಂಪಿರಬಾರದು, ಹೆಬ್ಬೆರಳಿಗೆ ಸಲೀಸಾಗಿ ಸಿಗಬೇಕು ಎಂದೆಲ್ಲ ವಾದಿಸಿದ್ದೆ. ಅದರ ಮೇಲೆ 'ಅಂತಿಮವಾಗಿ ಸಲ್ಲಿಸಿ' ಎಂದೂ, ಕೆಳಗೆ 'ಸಲ್ಲಿಸಿದ ನಂತರ ಯಾವುದೇ ಬದಲಾವಣೆಗೆ ಅವಕಾಶವಿರುವುದಿಲ್ಲ' ಎಂದೂ ಬರೆದವಳು ನಾನೇ.

ಮರುದಿನವೇ ಕೊನೆಯ ದಿನ. ಅರ್ಜಿ ತುಂಬಿ ನಾಲ್ಕು ದಿನವಾಗಿತ್ತು. ಯಾಕೆ ಒತ್ತಿಲ್ಲ ಎಂದು ಕೇಳಿದರೆ, ಅಪ್ಪನ ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಥರ, ಆಧಾರಿನಲ್ಲಿ ಒಂದು ಥರ ಇದೆ, ಯಾವುದು ಸರಿಯೋ ಎಂದಳು. ಒತ್ತು, ಆಮೇಲೆ ಒಂದು ವಾರ ತಿದ್ದಲು ಬಿಡುತ್ತೇವೆ ಎಂದೆ. ಅವಳು ರೊಟ್ಟಿಯಿಂದ ಕಣ್ಣೆತ್ತಲಿಲ್ಲ.

"ಅತ್ತಿ, ನೀ ಹೇಳೂದು ಖರೇನೋ, ಅಲ್ಲೆ ಬರದದ್ದು ಖರೇನೋ? ನನಗೇನೋ ನೀ ಮನ್ಯಾಗ ಅದೀ. ಉಳದವ್ರಿಗೆ ಯಾರ ಹೇಳ್ತಾರ?"

ನನಗೆ ಒಂದು ಬೇವಿನ ಮರ ನೆನಪಾಯಿತು. ಧಾರವಾಡದ ಕಾಲೇಜಿನ ಆಫೀಸಿನ ಎದುರಿಗಿತ್ತು ಅದು. ತುಂಬಿದ ಫಾರ್ಮು ಹಿಡಿದು ನಾನೂ ಅವ್ವನೂ ಬೆಳಗಿನಿಂದ ಅದರ ನೆರಳಿನಲ್ಲಿ ನಿಂತಿದ್ದೆವು. ಅರ್ಜಿ ಕೊಡುವ ಕಿಟಕಿ ಇಪ್ಪತ್ತು ಹೆಜ್ಜೆ ದೂರ. ನಮ್ಮ ಮನೆತನದಲ್ಲಿ ಅದುವರೆಗೆ ಯಾರೂ ಅಂಥ ಕಿಟಕಿಯ ಮುಂದೆ ನಿಂತವರಲ್ಲ. ಮೇಲೊಂದು ಬೋರ್ಡು: 'ದೋಷಪೂರಿತ ಅರ್ಜಿಗಳನ್ನು ತಿರಸ್ಕರಿಸಲಾಗುವುದು.' ಅವ್ವ ಅದನ್ನು ಎರಡು ಸಲ ಓದಿಸಿ ಕೇಳಿದಳು. ನನ್ನ ಫಾರ್ಮಿನಲ್ಲೋ ಒಂದು ಕಡೆ ಹೊಡೆದುಹಾಕಿ ತಿದ್ದಿದ್ದೆ. ಊರಿಗೆ ಹೋಗೋಣ, ಮುಂದಿನ ವರ್ಷ ನೋಡಿದರಾಯಿತು ಎನ್ನುವವರೆಗೆ ಬಂದಿತ್ತು ಮಾತು.

ಆಫೀಸಿನ ಸಿಪಾಯಿ ದಾವಲಸಾಬ ಕಾಕಾ ಚಹಾ ಕುಡಿದು ಮರಳುತ್ತ ನಮ್ಮೆದುರು ನಿಂತರು.

"ಯವ್ವಾ, ಮುಂಜಾನಿಂದ ನೋಡಾಕತ್ತೇನಿ, ಅರ್ಜಿ ಈ ಗಿಡಕ್ಕ ಕೊಡಾಕ ಬಂದೀರೇನು? ಇಲ್ಲೆ ಕೊಡ್ರಿ. ತಪ್ಪಿದ್ರ ನಾನ ಕರದು ತಿದ್ದಸ್ತೇನಿ."

ಅವ್ವ ಫಾರ್ಮನ್ನು ಅವರ ಕೈಗಿಟ್ಟಳು. ನಾನು ಪದವೀಧರೆಯಾದದ್ದು ಆ ಕ್ಷಣದಿಂದ ಎಂದು ಇವತ್ತಿಗೂ ಹೇಳುತ್ತೇನೆ.

ಆದರೆ ನೀವೇ ನೋಡಿ, ಆ ಬೋರ್ಡಿಗೆ ಅಷ್ಟು ಹೆದರಿದವಳು, ನೌಕರಿಗೆ ಕೂತ ಮೇಲೆ, ಯಾರೂ ಹೇಳದಿದ್ದರೂ ಅದೇ ಭಾಷೆಯಲ್ಲಿ ಬರೆದಿದ್ದೆ. ಹಾಗೆ ಬರೆದಾಗಲೇ ನಾನು ಓದಿದವಳು ಅನಿಸುತ್ತಿತ್ತು.

ಮರುದಿನ ಆಫೀಸು ತೆರೆಯುತ್ತಲೇ ಸಾಹೇಬರ ಬಳಿ ಹೋದೆ. ನಾನು ಹೊಸದಾಗಿ ಬರೆದದ್ದನ್ನು ಓದಿ, ಆಫೀಸಿನ ಭಾಷೆ ಹೀಗಿರುತ್ತದೆಯೇ ಎಂದರು. ತಿದ್ದಲು ಬಿಡುವುದಂತೂ ನಿಜವಲ್ಲವೇ ಸರ್ ಎಂದೆ. ಪೆನ್ನು ಕೆಳಗಿಟ್ಟು, ಹಾಕಿ ಎಂದರು. ಬಣ್ಣ ಅದೇ ಕೆಂಪು. ಮೇಲೆ 'ಅರ್ಜಿ ಕೊಡಿ'. ಕೆಳಗೆ 'ತಪ್ಪಿದ್ದರೆ ನಾವೇ ಕರೆದು ಹೇಳುತ್ತೇವೆ. ಒಂದು ವಾರ ತಿದ್ದಬಹುದು'.

ಸಂಜೆ ಮನೆಗೆ ಬಂದಾಗ ರೇಣುಕಾ ರೊಟ್ಟಿ ಬಡಿಯುತ್ತಿದ್ದಳು. ನಾನು ಕಟ್ಟೆಯ ಮೇಲಿನ ಫೋನಿನ ಕಡೆ ನೋಡಿದೆ.

"ಈಗರ ಕೊಟ್ಟೇನಿ," ಎಂದಳು ಹಂಚಿನ ಮೇಲೆ ರೊಟ್ಟಿ ತಿರುವುತ್ತ. "ಅಪ್ಪನ ಹೆಸರು ಹಂಗ ಬಿಟ್ಟೇನಿ. ತಪ್ಪಿದ್ರ ನೀವ ಕರದು ಹೇಳ್ರಿ, ಮೇಡಂ."

ಪರದೆಯ ಕೆಳತುದಿಯಲ್ಲಿ, ಬಟನ್ ಇದ್ದ ಜಾಗದಲ್ಲಿ, ಹೆಬ್ಬೆರಳಿನಗಲ ಹಿಟ್ಟು ಹತ್ತಿತ್ತು. ಒರೆಸಲೆಂದು ಸೆರಗು ಹಿಡಿದವಳು ಹಾಗೇ ಬಿಟ್ಟೆ.